ಇವರು ನಮ್ಮೂರವರೇ ಹೌದು

ಗುರುತಿನ ತಾಪತ್ರಯ ಚಕ್ರವರ್ತಿಯನ್ನೂ ಬಿಟ್ಟಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಬಂಡೆಗಳ ಮೇಲೆ ಸಿಕ್ಕಿದ್ದು ‘ದೇವಾನಾಂಪಿಯ ಪಿಯದಸಿ’ ಎಂಬ ಬಿರುದು, ಹೆಸರಲ್ಲ. ಆ ಬಿರುದಿನವನೇ ಅಶೋಕ ಎಂದು ಸಿಂಹಳದ ವೃತ್ತಾಂತಗಳನ್ನು ನೆಚ್ಚಿ ವಿದ್ವಾಂಸರು ಹೇಳುತ್ತಿದ್ದರು. ಅದು ಪಕ್ಕಾ ಆದದ್ದು 1915ರಲ್ಲಿ. ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಬೀಡನ್ ರಾಯಚೂರು ಸೀಮೆಯ ಮಸ್ಕಿಯಲ್ಲಿ ಒಂದು ಬಂಡೆಶಾಸನವನ್ನು ಕಂಡ. ಬಿರುದಿನ ಜೊತೆಗೇ ಅಶೋಕನೆಂಬ ಹೆಸರೂ ಅದರಲ್ಲಿತ್ತು. ಸತ್ತು ಎರಡು ಸಾವಿರ ವರ್ಷಕ್ಕೂ ಮೇಲಾದ ಅರಸನಿಗೆ ಈ ಜಿಲ್ಲೆ ಕೊಟ್ಟ ಗುರುತಿನ ಪತ್ರ ಅದು.

ಅದೇ ಜಿಲ್ಲೆಯ ದೇವದುರ್ಗ, ಮಾನ್ವಿ ತಾಲ್ಲೂಕುಗಳ ರೈತನಿಗೆ, ಕೃಷ್ಣೆಯ ದಂಡೆಯ ಗೂಗಲ್‌ನ ಕೂಲಿಕಾರನಿಗೆ ಬಂಡೆ ಸಿಗುವುದಿಲ್ಲ. ಅವರ ಗುರುತು ನಿಂತದ್ದು ಊರವರ ಬಾಯಿಮಾತಿನ ಮೇಲೆ. ಈ ಸೀಮೆಯಲ್ಲಿ ಸರ್ಕಾರಗಳು ಬದಲಾದಷ್ಟು ಸಾಕ್ಷಿಗಳು ಬದಲಾಗಲಿಲ್ಲ. ರಾಯಚೂರು ದೋಆಬವನ್ನು ನಿಜಾಮ 1853ರಲ್ಲಿ ಇಂಗ್ಲಿಷರಿಗೆ ಒಪ್ಪಿಸಿದ. 1860ರಲ್ಲಿ ಅದು ಮರಳಿ ನಿಜಾಮರ ಕೈಗೇ ಬಂತು. ಕಚೇರಿಯ ಭಾಷೆ ಬೇರೆಯಾಯಿತು, ಮೊಹರು ಬೇರೆಯಾಯಿತು. ಆದರೆ ಇಂಥವನು ಇಂಥವನ ಮಗ, ಈ ಹೊಲ ಇವನದೇ ಎಂದು ಹೇಳುತ್ತಿದ್ದವರು ಅದೇ ಗೌಡ, ಅದೇ ಕುಲಕರ್ಣಿ. ಕಂದಾಯ ನೋಡುವವನು ಮಾಲಿ ಪಾಟೀಲ, ಬಂದೋಬಸ್ತು ನೋಡುವವನು ಪೊಲೀಸ್ ಪಾಟೀಲ. ಈ ಎರಡೂ ಇಂದು ಅಡ್ಡಹೆಸರುಗಳಾಗಿ ಉಳಿದಿವೆ. ಇವರ ವಂಶಪಾರಂಪರ್ಯದ ಹಕ್ಕಾದ ವತನುಗಳು ಹೋದದ್ದು 1963ರ ಫೆಬ್ರುವರಿ 1ರಂದು, ಗ್ರಾಮಾಧಿಕಾರಗಳ ರದ್ದತಿ ಕಾಯಿದೆ ಜಾರಿಗೆ ಬಂದಾಗ.

ಊರಿನ ಸಾಕ್ಷಿ ಎಂದರೆ ನ್ಯಾಯದ ಸಾಕ್ಷಿ ಎಂದು ಯಾರೂ ಮೋಹಗೊಳ್ಳಬೇಕಾಗಿಲ್ಲ. ಗೌಡ, ಕುಲಕರ್ಣಿಯ ಮರ್ಜಿ ತಪ್ಪಿದವನ ಹೆಸರು ದಾಖಲೆಯಲ್ಲಿ ಏರುವುದು ಕಷ್ಟವಿತ್ತು. ಊರ ಹೊರಗಿನ ಕೇರಿಯವನಿಗಂತೂ ಇನ್ನೂ ಕಷ್ಟ.

ಹೈದರಾಬಾದ್ ಸಂಸ್ಥಾನದಲ್ಲಿ ಗುರುತಿನ ಪತ್ರವೇ ರಾಜಕೀಯವಾದದ್ದು ಮುಲ್ಕಿ ನಿಯಮಗಳಿಂದ. 1919ರ ಫರ್ಮಾನಿನ ಪ್ರಕಾರ ಸರ್ಕಾರಿ ನೌಕರಿ ಮುಲ್ಕಿಗಳಿಗೆ, ಅಂದರೆ ಸಂಸ್ಥಾನದಲ್ಲೇ ಹುಟ್ಟಿದವರಿಗೆ, ಇಲ್ಲವೇ 15 ವರ್ಷ ನೆಲೆಸಿ ಹುಟ್ಟೂರಿಗೆ ಮರಳುವ ಯೋಚನೆ ಬಿಟ್ಟವರಿಗೆ. ನಿಯಮ ಬಂದ ಮೇಲೆ ಸರ್ಟಿಫಿಕೇಟೂ ಬಂತು, ಅದರ ಹಿಂದೆಯೇ ಸುಳ್ಳು ಸರ್ಟಿಫಿಕೇಟೂ. 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಹೊರಗಿನವರು ಬೋಗಸ್ ಮುಲ್ಕಿ ಪತ್ರ ತೋರಿಸಿ ನೌಕರಿ ಹಿಡಿಯುತ್ತಿದ್ದಾರೆಂಬ ಸಿಟ್ಟು ಬೆಳೆದು, 1952ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಆ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಸಿಟಿ ಕಾಲೇಜಿನ ಬಳಿ ಗೋಲಿಬಾರ್ ನಡೆದು ಜೀವಗಳು ಹೋದವು. ಊರನ್ನೇ ಕಾಣದ ಅಧಿಕಾರಿ ಊರಿನವನೆಂದು ಬರೆದುಕೊಟ್ಟರೆ ಆಗುವುದು ಇದು.

ಅರವತ್ತು ವರ್ಷಗಳ ನಂತರ ಅದೇ ಪ್ರಶ್ನೆ ಬೇರೆ ವೇಷದಲ್ಲಿ ರಾಯಚೂರಿಗೆ ಬಂತು. ಸಂವಿಧಾನದ 98ನೇ ತಿದ್ದುಪಡಿಯಿಂದ, ರಾಯಚೂರು ಸೇರಿದ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸವಲತ್ತು ಕೊಡುವ 371ಜೆ ವಿಧಿ ಸೇರಿತು; 2013ರಲ್ಲಿ ನಿಯಮಗಳು ಬಂದವು. ಇಲ್ಲಿನ ಗ್ರೂಪ್ ಎ ಮತ್ತು ಬಿ ಸರ್ಕಾರಿ ಹುದ್ದೆಗಳಲ್ಲಿ ಶೇಕಡ 75, ಸಿ ಹುದ್ದೆಗಳಲ್ಲಿ 80, ಡಿ ಹುದ್ದೆಗಳಲ್ಲಿ 85 ಈ ಭಾಗದವರಿಗೆ. ಈ ಭಾಗದವರು ಯಾರು? ಇಲ್ಲಿ ಹುಟ್ಟಿದವರು, ಅಥವಾ ಕನಿಷ್ಠ 10 ವರ್ಷ ನೆಲೆಸಿದವರು, ಅವರ ಮಕ್ಕಳು. ಅರ್ಹತಾ ಪತ್ರಕ್ಕೆ ಸಹಿ ಹಾಕುವವರು ಸಹಾಯಕ ಆಯುಕ್ತರು. ಅವರಿಗೆ ಅರ್ಜಿದಾರನ ಮುಖ ಗೊತ್ತಿರುವುದಿಲ್ಲ. ಕಡತ ಮೇಲಿಂದ ಇಳಿದು ಗ್ರಾಮ ಆಡಳಿತಾಧಿಕಾರಿಯ ಕೈಗೆ, ಅಲ್ಲಿಂದ ಊರಿಗೆ ಬರುತ್ತದೆ. ವಂಶವೃಕ್ಷಕ್ಕಾಗಲಿ ವಾಸಸ್ಥಳಕ್ಕಾಗಲಿ, ತಕರಾರು ಎದ್ದ ಕಡೆ ಪಂಚನಾಮೆ. ಅಕ್ಕಪಕ್ಕದ ನಾಲ್ಕು ಮಂದಿ ಸಹಿ ಹಾಕುತ್ತಾರೆ, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ. ನಾಡಕಚೇರಿಯಿಂದ ಹೊರಬೀಳುವ ಪ್ರಮಾಣಪತ್ರದ ಮೇಲೆ ಅಧಿಕಾರಿಯ ಡಿಜಿಟಲ್ ಸಹಿ ಮಾತ್ರ ಇರುತ್ತದೆ. ಪಂಚರ ಹೆಸರು ಕಡತದಲ್ಲೇ ಉಳಿಯುತ್ತದೆ.

ಈ ವಿಚಿತ್ರ ಹಳೆಯದು. ವರ್ಷಗಟ್ಟಲೆ ನಮ್ಮ ಹುಡುಗರು ಅಂಕಪಟ್ಟಿಯ ನಕಲು ಹಿಡಿದು ಗೆಜೆಟೆಡ್ ಅಧಿಕಾರಿಯ ಸಹಿಗೆ ಅಲೆದರು. ಪರಿಚಯವೇ ಇಲ್ಲದವರ ಸಹಿಗೆ ಬೆಲೆ, ಎದುರುಮನೆಯವರ ಸಹಿಗೆ ಇಲ್ಲ. 2014ರಲ್ಲಿ ಕೇಂದ್ರ ಸರ್ಕಾರ ಸ್ವಯಂ ದೃಢೀಕರಣಕ್ಕೆ ಒತ್ತು ಕೊಟ್ಟ ಮೇಲೆ ಆ ಅಲೆದಾಟ ಇಳಿಯಿತು. ಉಪನೋಂದಣಿ ಕಚೇರಿ ಮಾತ್ರ ಈ ವಿಷಯದಲ್ಲಿ ಮೊದಲಿನಿಂದಲೂ ಪ್ರಾಮಾಣಿಕ: 1908ರ ನೋಂದಣಿ ಕಾಯಿದೆಯಂತೆ, ಬರೆದುಕೊಟ್ಟವನು ಇವನೇ ಎಂದು ಅಧಿಕಾರಿಗೆ ಖಾತ್ರಿಯಾಗಬೇಕು, ಅದಕ್ಕೆ ಗುರುತು ಸಾಕ್ಷಿಗಳು ಪತ್ರದ ಮೇಲೆಯೇ ಸಹಿ ಮಾಡುತ್ತಾರೆ.

ಪಂಚನಾಮೆಯ ಇದೇ ಬುದ್ಧಿಯನ್ನು ಕಂಪ್ಯೂಟರ್ ಲೋಕದ ಕೆಲವರು ತಮ್ಮದೇ ದಾರಿಯಲ್ಲಿ ಕಂಡುಕೊಂಡರು. ಅಂತರ್ಜಾಲದಲ್ಲಿ ಮಿಂಚಂಚೆಗೆ ಸಹಿ ಮಾಡಲು, ಜಾಲತಾಣವನ್ನು ಭದ್ರಪಡಿಸಲು ಡಿಜಿಟಲ್ ಪ್ರಮಾಣಪತ್ರ ಬೇಕು. ಅದನ್ನು ಕಂಪನಿಗಳು ದುಡ್ಡಿಗೆ ಮಾರುತ್ತಿದ್ದವು. ಮಾರ್ಕ್ ಶಟಲ್‌ವರ್ತ್ 1995ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಕಟ್ಟಿದ ಥಾಟ್ ಕಂಪನಿ ಒಂದು ಉಚಿತ ದಾರಿ ತೆರೆಯಿತು. ಸ್ವಯಂಸೇವಕ ನೋಟರಿಗಳು ಎದುರು ಕೂತು ಗುರುತಿನ ಚೀಟಿ ನೋಡಿ ಅಂಕ ಕೊಡುವುದು. 50 ಅಂಕವಾದರೆ ಪ್ರಮಾಣಪತ್ರದಲ್ಲಿ ಹೆಸರು, 100 ಆದರೆ ತಾನೂ ನೋಟರಿ. 2003ರಲ್ಲಿ ಆಸ್ಟ್ರೇಲಿಯಾದಲ್ಲಿ ಸಂಘವಾಗಿ ನೋಂದಣಿಯಾದ ಸಿಎಸರ್ಟ್ ಇದನ್ನೇ ಕಂಪನಿಯ ಹಂಗಿಲ್ಲದೆ ಮಾಡಿತು. ಅಲ್ಲಿ ಒಬ್ಬ ಪರಿಶೀಲಕ ಹೆಚ್ಚೆಂದರೆ 35 ಅಂಕ ಕೊಡಬಲ್ಲ, ಆದ್ದರಿಂದ ಒಬ್ಬನ ಮಾತೇ ಸಾಕಾಗದು. ಪರಿಶೀಲಿಸಿದ ಕಾಗದವನ್ನು ಅವನು ಏಳು ವರ್ಷ ಜೋಪಾನ ಮಾಡಬೇಕು. ತಕರಾರು ಬಂದರೆ ಸಂಘದ್ದೇ ಪಂಚಾಯ್ತಿ. ಗೌಡನೊಬ್ಬನ ಮರ್ಜಿಗೆ ಸಿಕ್ಕು ನರಳಿದ ಸೀಮೆಯವರು ಈ ಲೆಕ್ಕವನ್ನು ತಕ್ಷಣ ಮೆಚ್ಚುತ್ತಾರೆ.

ಮೆಚ್ಚಿದರೂ ಅದು ಬೇರೂರಲಿಲ್ಲ. ಥಾಟ್ ತನ್ನ ನೋಟರಿ ಜಾಲವನ್ನು 2009ರ ನವೆಂಬರಿನಲ್ಲಿ ಮುಚ್ಚಿತು. ಬ್ರೌಸರ್‌ಗಳ ಒಪ್ಪಿಗೆಗೆ ಬೇಕಾದ ಲೆಕ್ಕತಪಾಸಣೆಯನ್ನು ಮುಗಿಸಲಾಗದೆ ಸಿಎಸರ್ಟ್ ಬ್ರೌಸರ್ ತಯಾರಿಸುವ ಮೊಜಿಲ್ಲಾಕ್ಕೆ ಕೊಟ್ಟ ಅರ್ಜಿಯನ್ನು 2007ರಲ್ಲಿ ಹಿಂಪಡೆಯಿತು. 2015ರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಬಂದು ಪ್ರಮಾಣಪತ್ರ ಎಲ್ಲರಿಗೂ ಪುಕ್ಕಟೆಯಾಯಿತು. ಆದರೆ ಅದು ಜಾಲತಾಣದ ವಿಳಾಸವನ್ನು ಯಂತ್ರದಿಂದ ಪರೀಕ್ಷಿಸುತ್ತದೆ, ಅದರ ಹಿಂದೆ ಯಾರಿದ್ದಾರೆಂದು ಕೇಳುವುದಿಲ್ಲ. ಭಾರತದಲ್ಲಂತೂ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಕೆಳಗೆ ಪರವಾನಗಿ ಪಡೆದ ಸಂಸ್ಥೆ ಕೊಟ್ಟದ್ದಕ್ಕೇ ಕಾನೂನಿನ ಬೆಲೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಜೇಬಿನಲ್ಲಿರುವ ಡಿಜಿಟಲ್ ಸಹಿಯ ಡಾಂಗಲ್ ಅಂಥ ಸಂಸ್ಥೆಯದೇ.

ನೆರೆಯವರ ಮಾತಿಗೆ ನಮ್ಮ ಸರ್ಕಾರ ತೆರೆದ ಬಾಗಿಲೂ ಒಂದಿದೆ, ಅದು ಆಧಾರ್‌ನಲ್ಲಿ. ಯಾವ ಕಾಗದವೂ ಇಲ್ಲದವನ ಪರವಾಗಿ ನೇಮಕಗೊಂಡ ‘ಪರಿಚಯಿಸುವವರು’ ತಮ್ಮ ಆಧಾರ್ ಮತ್ತು ಬೆರಳಚ್ಚು ಕೊಟ್ಟು ಹೌದು ಎನ್ನಬಹುದು. ಸುಳ್ಳಾದರೆ ಹೊಣೆ ಅವರದೇ. ಕರ್ನಾಟಕದಲ್ಲಿ 2010ರಲ್ಲಿ ಮೈಸೂರು, ತುಮಕೂರು ಜಿಲ್ಲೆಗಳಿಂದ ನೋಂದಣಿ ಶುರುವಾದಾಗಿನಿಂದ ಈ ಪದ್ಧತಿಯೇ ಬಡವರ ಪಾಲಿನ ಭರವಸೆ ಎಂದು ಹೊಗಳಿದವರು ಬಹಳ. 2015ರಲ್ಲಿ ಮಾಹಿತಿ ಹಕ್ಕಿನಡಿ ಬಂದ ಉತ್ತರ ಆ ಹೊಗಳಿಕೆಯನ್ನು ಇಳಿಸಿತು: ಅಷ್ಟುಹೊತ್ತಿಗೆ ಕೊಟ್ಟ 83.5 ಕೋಟಿ ಆಧಾರ್ ಸಂಖ್ಯೆಗಳಲ್ಲಿ ಪರಿಚಯಿಸುವವರ ಮೂಲಕ ಹೋದವು ಸುಮಾರು 2.19 ಲಕ್ಷ, ಅಂದರೆ ಶೇಕಡ 0.03. ಉಳಿದವರೆಲ್ಲ ಹಳೆಯ ಕಾಗದ ತೋರಿಸಿ ಹೊಸ ಕಾಗದ ಪಡೆದವರು.

ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳಲ್ಲಿ ಕಾಗದ ಕಳೆದುಕೊಂಡವರು, ಹೆಸರಿನ ಅಕ್ಷರ ಒಂದೊಂದು ಕಡೆ ಒಂದೊಂದು ಥರ ಬಿದ್ದವರು ಈಗಲೂ ಇದ್ದಾರೆ. ಕಟ್ಟಡದ ಶೆಡ್ಡಿನಲ್ಲಿ ಅವರನ್ನು ಗುರುತಿಸುವವರಿಲ್ಲ, ಊರಿನಲ್ಲಿ ಇದ್ದಾರೆ. ಹೀಗಾಗಿ ಗ್ರಾಮ ಪಂಚಾಯಿತಿಗಳು ಮಾಡಬಹುದಾದ ಕೆಲಸವೊಂದಿದೆ: ಪರಿಚಯಿಸುವವರನ್ನು ಪ್ರತಿ ಕೇರಿಯಿಂದಲೂ ಆರಿಸಲು ಗ್ರಾಮಸಭೆಯಲ್ಲಿ ಹಟ ಹಿಡಿಯಲಿ, ಅವರ ಪಟ್ಟಿಯನ್ನು ಕಚೇರಿಯ ಗೋಡೆಯ ಮೇಲೆ ಬರೆಸಲಿ, ಒಬ್ಬರ ಬದಲು ಇಬ್ಬರು ಮೂವರ ಮಾತು ಕೇಳುವ ಪದ್ಧತಿಗೆ ಮೇಲಿನವರನ್ನು ಒತ್ತಾಯಿಸಲಿ.