ಮೆಟ್ಟಿಲು ಹತ್ತಿಸಿ ನೋಡಿದ ಕಾಲ: ಶ್ವಾಸಕೋಶದ ಕ್ಯಾನ್ಸರ್ ಮತ್ತು ವ್ಯಾಯಾಮದ ಚರಿತ್ರೆ

ಶ್ವಾಸಕೋಶದ ಕ್ಯಾನ್ಸರ್ ಚಿಕಿತ್ಸೆಯ ಚರಿತ್ರೆಯಲ್ಲಿ ದೈಹಿಕ ಶ್ರಮ ಮೊದಲು ಕಾಣಿಸಿಕೊಂಡದ್ದು ಪರೀಕ್ಷೆಯ ರೂಪದಲ್ಲಿ. ರೋಗಿ ಎಷ್ಟು ಮೆಟ್ಟಿಲು ಹತ್ತಬಲ್ಲ ಎಂದು ನೋಡಿ ಶಸ್ತ್ರಚಿಕಿತ್ಸೆಯ ತೀರ್ಮಾನ ಮಾಡುತ್ತಿದ್ದರು. ಹತ್ತಲಾಗದವನಿಗೆ ಆ ಶಕ್ತಿ ತಂದುಕೊಡಬಹುದೇ ಎಂಬ ಪ್ರಶ್ನೆ ಗಂಭೀರ ಅಧ್ಯಯನದ ವಸ್ತುವಾಗಲು ಸುಮಾರು ನಾಲ್ಕು ದಶಕ ಹಿಡಿಯಿತು. ಈ ತಡಕ್ಕೆ ಕಾರಣವನ್ನು ಕ್ಯಾನ್ಸರ್ ವಾರ್ಡಿಗಿಂತ ಮೊದಲು ಕ್ಷಯದ ಸ್ಯಾನಿಟೋರಿಯಮ್ಮಿನಲ್ಲಿ ಹುಡುಕಬೇಕು.

ಎದೆಯ ಕಾಯಿಲೆಗೆ ವಿಶ್ರಾಂತಿಯೇ ಮದ್ದು ಎಂಬ ನಂಬಿಕೆ ಬಲಿತದ್ದು ಅಲ್ಲಿ. ಒಳ್ಳೆಯ ಗಾಳಿ, ಪುಷ್ಟಿಯ ಆಹಾರ, ತಿಂಗಳುಗಟ್ಟಲೆ ಹಾಸಿಗೆ: ಇದೇ ಪಥ್ಯ. ಆ ಕಾಲದಲ್ಲೇ ಬೇರೆ ದಾರಿ ಹಿಡಿದವರೂ ಇದ್ದರು. ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಗೆ ಸೇರಿದ ಫ್ರಿಮ್ಲಿ ಸ್ಯಾನಿಟೋರಿಯಮ್ಮಿನಲ್ಲಿ ಮಾರ್ಕಸ್ ಪ್ಯಾಟರ್ಸನ್ 20ನೇ ಶತಮಾನದ ಮೊದಲ ದಶಕದಲ್ಲೇ ರೋಗಿಗಳಿಗೆ ಹಂತಹಂತವಾಗಿ ಕೆಲಸ ಕೊಟ್ಟರು. ಮೊದಲು ನಡಿಗೆ, ಆಮೇಲೆ ಬುಟ್ಟಿಯಲ್ಲಿ ಮಣ್ಣು ಹೊರುವುದು, ಕೊನೆಗೆ ಸಲಿಕೆ ಹಿಡಿದು ಅಗೆಯುವುದು. ಇದಕ್ಕೆ ಅವರು ಕೊಟ್ಟ ರೋಗನಿರೋಧದ ವಿವರಣೆ ಉಳಿಯಲಿಲ್ಲ. ಆದರೆ ಶ್ರಮವನ್ನು ಔಷಧದಂತೆ ಅಳೆದು, ತಾಳಿಕೆ ನೋಡಿ ಏರಿಸುತ್ತ ಹೋಗುವ ಅವರ ಕ್ರಮ ಇಂದಿನ ಪುನಶ್ಚೇತನ ಕಾರ್ಯಕ್ರಮಗಳಲ್ಲೂ ಇದೆ. ವಿಶ್ರಾಂತಿಯ ವಾದಕ್ಕೆ ದೊಡ್ಡ ಪೆಟ್ಟು ಕೊಟ್ಟದ್ದು ನಮ್ಮ ನೆರೆಯ ಮದ್ರಾಸು. 1956ರಲ್ಲಿ ಅಲ್ಲಿ ಆರಂಭವಾದ ಅಧ್ಯಯನ ಕ್ಷಯರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ಯಾನಿಟೋರಿಯಮ್ಮಿನಲ್ಲಿಯೂ ಇನ್ನೊಂದಕ್ಕೆ ಮನೆಯಲ್ಲಿಯೂ ಒಂದೇ ಔಷಧ ಕೊಟ್ಟಿತು. ಇಕ್ಕಟ್ಟಿನ ಮನೆ, ಬಡ ಊಟ, ಕಡಿಮೆ ವಿಶ್ರಾಂತಿ ಇದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. 1959ರಲ್ಲಿ ಪ್ರಕಟವಾದ ಆ ಫಲಿತಾಂಶಕ್ಕೆ ಕ್ಷಯದ ಚರಿತ್ರೆಯಲ್ಲಿ ಸಿಕ್ಕ ಮನ್ನಣೆ ವಿಶ್ರಾಂತಿ ಚಿಕಿತ್ಸೆಯ ಚರಿತ್ರೆಯಲ್ಲಿಯೂ ಸಿಗಬೇಕು.

ಕ್ಯಾನ್ಸರಿನ ಕಥೆ 1933ರ ಏಪ್ರಿಲ್ 5ರಂದು ತಿರುವು ಪಡೆಯಿತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಎವರ್ಟ್ಸ್ ಗ್ರಹಾಂ ಅವರು ಜೇಮ್ಸ್ ಗಿಲ್ಮೋರ್ ಎಂಬ ವೈದ್ಯರ ಒಂದು ಪಕ್ಕದ ಶ್ವಾಸಕೋಶವನ್ನು ಕ್ಯಾನ್ಸರ್ ಸಮೇತ ಪೂರ್ತಿಯಾಗಿ ತೆಗೆದರು. ಗಿಲ್ಮೋರ್ ಆಮೇಲೆ ಸುಮಾರು 30 ವರ್ಷ ಬದುಕಿದರು. ಒಂದೇ ಶ್ವಾಸಕೋಶದಿಂದ ದೀರ್ಘಕಾಲ ಬದುಕಬಹುದು ಎಂಬುದು ಹೀಗೆ ಖಚಿತವಾಯಿತು. ಎದೆಯ ಗಾಯಗೊಂಡ ಸೈನಿಕರಿಗಾಗಿ ಮೊದಲ ಮಹಾಯುದ್ಧದಲ್ಲಿ ಕಾರ್ಟ್‌ಲ್ಯಾಂಡ್ ಮ್ಯಾಕ್‌ಮಹನ್ ರೂಪಿಸಿದಂಥ ಉಸಿರಾಟದ ವ್ಯಾಯಾಮಗಳು ಎದೆಯ ಶಸ್ತ್ರಚಿಕಿತ್ಸೆಯ ವಾರ್ಡುಗಳಲ್ಲೂ ಬೇರೂರಿದವು. 1947ರಲ್ಲಿ ರಿಚರ್ಡ್ ಆಶರ್ ಹಾಸಿಗೆ ಹಿಡಿಸುವುದರ ಅಪಾಯಗಳನ್ನು ಕುರಿತು ಬರೆದ ಲೇಖನ ರೋಗಿಯನ್ನು ಬೇಗ ಎಬ್ಬಿಸುವ ಪದ್ಧತಿಗೆ ಬಲ ಕೊಟ್ಟಿತು.

1968ರಲ್ಲಿ ಎರಡು ಮಹತ್ವದ ವರದಿಗಳು ಬಂದವು. ಎರಡು ಸಾಲು ಮೆಟ್ಟಿಲನ್ನು ಹೆಚ್ಚು ಏದುಸಿರಿಲ್ಲದೆ ಹತ್ತಬಲ್ಲವರು ಶ್ವಾಸಕೋಶ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಉಳಿದವರಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತಾರೆ ಎಂದು ವ್ಯಾನ್ ನಾಸ್ಟ್ರಂಡ್ ಮತ್ತು ಸಂಗಡಿಗರು ವರದಿ ಮಾಡಿದರು. ಡಲ್ಲಾಸಿನ ಸಂಶೋಧಕರು ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿದ ಪ್ರಯೋಗವನ್ನು ಪ್ರಕಟಿಸಿದರು. ಗರಿಷ್ಠ ಶ್ರಮದಲ್ಲಿ ಆಮ್ಲಜನಕ ಬಳಸುವ ಅವರ ಸಾಮರ್ಥ್ಯ ಕಾಲುಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಒಂದು ಪಕ್ಕದ ಶ್ವಾಸಕೋಶವನ್ನೇ ಕಳೆದುಕೊಂಡವರಲ್ಲಿ ಮುಂದೆ ಅಳೆದು ಕಂಡ ನಷ್ಟವೂ ಸುಮಾರು ಶೇ 20ರಿಂದ 28. ಈ ಎರಡು ಅಳತೆಗಳನ್ನು ಅಕ್ಕಪಕ್ಕ ಇಟ್ಟರೆ ಹಾಸಿಗೆಯೂ ಕತ್ತರಿಯಷ್ಟೇ ಕಿತ್ತುಕೊಳ್ಳಬಲ್ಲದು ಎಂಬುದು ಸ್ಪಷ್ಟ. ಆದರೂ ಮುಂದಿನ ದಶಕಗಳ ಶ್ರಮವೆಲ್ಲ ಪರೀಕ್ಷೆಯನ್ನು ನಿಖರಗೊಳಿಸುವ ಕಡೆಗೇ ಹರಿಯಿತು: ಸೈಕಲ್ ತುಳಿಸಿ ಆಮ್ಲಜನಕ ಅಳೆಯುವುದು, ಆರು ನಿಮಿಷದ ನಡಿಗೆ, 22 ಮೀಟರ್ ಎತ್ತರಕ್ಕೆ ಮೆಟ್ಟಿಲು ಹತ್ತಿಸುವುದು. ಪರೀಕ್ಷೆಯಲ್ಲಿ ಸೋತವನಿಗೆ ಶಸ್ತ್ರಚಿಕಿತ್ಸೆಯ ಬಾಗಿಲು ಮುಚ್ಚುವ ಸಾಧ್ಯತೆಯೇ ಹೆಚ್ಚಿತ್ತು.

ಸ್ತನ ಕ್ಯಾನ್ಸರಿನಲ್ಲಿ ಹೀಗಾಗಲಿಲ್ಲ. ಮೇರಿಲ್ ವಿನಿಂಗ್‌ಹ್ಯಾಮ್ ಮತ್ತು ಸಂಗಡಿಗರು 1980ರ ದಶಕದಲ್ಲೇ ಕೀಮೋಥೆರಪಿ ಪಡೆಯುತ್ತಿದ್ದ ಮಹಿಳೆಯರಿಂದ ಸೈಕಲ್ ತುಳಿಸಿ ಪ್ರಯೋಜನ ತೋರಿಸಿದ್ದರು. ಶ್ವಾಸಕೋಶದ ಕ್ಯಾನ್ಸರಿನವರು ಹಿಂದೆ ಬಿದ್ದುದಕ್ಕೆ ರೋಗ ತಡವಾಗಿ ಪತ್ತೆಯಾಗುವುದು, ಉಸಿರಾಟದ ಕಷ್ಟ, ಕಡಿಮೆ ಆಯುಸ್ಸು ಕಾರಣ. ಸಿಗರೇಟು ಸೇದಿ ತಂದುಕೊಂಡ ರೋಗ ಎಂಬ ಅಪವಾದದ ಪಾಲೂ ಅದರಲ್ಲಿದೆ ಎಂದು ನಾನು ಬಲವಾಗಿ ನಂಬುತ್ತೇನೆ.

2006ರಲ್ಲಿ ನೆದರ್ಲೆಂಡ್ಸಿನ ಸ್ಪ್ರೂಟ್ ಮತ್ತು ಸಂಗಡಿಗರು ಚಿಕಿತ್ಸೆ ಮುಗಿದ 10 ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಿಗೆ 8 ವಾರ ತರಬೇತಿ ಕೊಟ್ಟಾಗ ನಡಿಗೆಯ ದೂರ ಹೆಚ್ಚಿತು. 2007ರಲ್ಲಿ ಲೀ ಜೋನ್ಸ್ ಶಸ್ತ್ರಚಿಕಿತ್ಸೆಗೆ ಮುಂಚಿನ ತರಬೇತಿಯನ್ನು ಪರೀಕ್ಷಿಸಿದರು. ರೋಗ ಬಲಿತವರ ಸ್ಥಿತಿ ಬೇರೆ: 2009ರಲ್ಲಿ ಪ್ರಕಟವಾದ ಬಾಸ್ಟನ್ನಿನ ವ್ಯಾಯಾಮದ ಅಧ್ಯಯನಕ್ಕೆ ಸೇರಿಕೊಂಡ 25 ಮಂದಿಯಲ್ಲಿ ಎಲ್ಲ ತರಗತಿ ಮುಗಿಸಿದವರು 11 ಮಂದಿ. ಜಿನೀವಾದಲ್ಲಿ ಮಾರ್ಕ್ ಲಿಕರ್ ತಂಡ 151 ರೋಗಿಗಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಅತ್ಯಂತ ಮುಖ್ಯವೆನಿಸುತ್ತದೆ. ಶಸ್ತ್ರಚಿಕಿತ್ಸೆಗೆ ಕಾಯುವ ಕೆಲವೇ ವಾರಗಳಲ್ಲಿ ತೀವ್ರ ವ್ಯಾಯಾಮ ಮಾಡಿದವರ ಸಾಮರ್ಥ್ಯ ಏರಿತು. ಒಟ್ಟು ತೊಡಕುಗಳ ಇಳಿಕೆ ಸಂಖ್ಯಾಶಾಸ್ತ್ರದ ಒರೆಗೆ ನಿಲ್ಲಲಿಲ್ಲ. ಶ್ವಾಸಕೋಶದ ಭಾಗ ಗಾಳಿಯಿಲ್ಲದೆ ಮುದುಡುವುದು ಮಾತ್ರ ಕಡಿಮೆಯಾಯಿತು. 2022ರ ಕಾಕ್ರೇನ್ ಪರಾಮರ್ಶೆ 10 ಅಧ್ಯಯನಗಳ 636 ಜನರ ಫಲಿತಾಂಶವನ್ನು ಒಟ್ಟುಗೂಡಿಸಿ, ಮುಂಚಿನ ವ್ಯಾಯಾಮದಿಂದ ಶಸ್ತ್ರಚಿಕಿತ್ಸೆಯ ನಂತರದ ಶ್ವಾಸಕೋಶದ ತೊಡಕುಗಳು ಸುಮಾರು ಅರ್ಧಕ್ಕೆ ಇಳಿಯುತ್ತವೆ ಎಂದಿತು. ಅದೇ ವರ್ಷ ಅಮೆರಿಕದ ಕ್ಲಿನಿಕಲ್ ಆಂಕಾಲಜಿ ಸಂಘ ತನ್ನ ಮಾರ್ಗಸೂಚಿಯಲ್ಲಿ ಇದಕ್ಕೆ ಜಾಗ ಕೊಟ್ಟಿತು.

ವ್ಯಾಯಾಮದಿಂದ ಈ ರೋಗಿಗಳ ಆಯುಸ್ಸು ಹೆಚ್ಚುತ್ತದೆ ಎಂದು ಯಾವ ಅಧ್ಯಯನವೂ ಇನ್ನೂ ಖಚಿತವಾಗಿ ತೋರಿಸಿಲ್ಲ. ಮೂಳೆಗೆ ಹರಡಿದವರಲ್ಲಿ, ಪ್ಲೇಟ್‌ಲೆಟ್ ಇಳಿದವರಲ್ಲಿ ವೈದ್ಯರ ಅನುಮತಿ ಇಲ್ಲದೆ ಆರಂಭಿಸಲೂಬಾರದು. ಆದರೆ ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಕೂಡಲೇ ಫಿಸಿಯೋಥೆರಪಿ ವಿಭಾಗಕ್ಕೂ ಒಂದು ಚೀಟಿ ಬರೆಯಲು ಇಷ್ಟು ಆಧಾರ ಸಾಕು. ನಮ್ಮ ಆಸ್ಪತ್ರೆಗಳು ಆ ಚೀಟಿಯನ್ನು ಕಡ್ಡಾಯ ಮಾಡಬೇಕು. ವೈದ್ಯರು ಬರೆಯದಿದ್ದರೆ ರೋಗಿಯ ಮನೆಯವರೇ ಕೇಳಿ ಬರೆಸಿಕೊಳ್ಳಬೇಕು.