ಧ್ವನಿ ಕಳೆದುಕೊಂಡ ಅಧ್ಯಾಪಕ

ಕ್ರಿ.ಶ. 1095. ಬಗ್ದಾದಿನ ನಿಝಾಮಿಯಾ ಮದ್ರಸದ ಪ್ರಧಾನ ಅಧ್ಯಾಪಕರು ಪಾಠಕ್ಕೆಂದು ಪೀಠದಲ್ಲಿ ಕುಳಿತಿದ್ದಾರೆ. ಎದುರಿಗೆ ವಿದ್ಯಾರ್ಥಿಗಳು ಕಾದಿದ್ದಾರೆ. ಆದರೆ ಅಧ್ಯಾಪಕರ ಬಾಯಿಂದ ಒಂದು ಪದವೂ ಹೊರಡುತ್ತಿಲ್ಲ. ಶಿಷ್ಯರನ್ನು ನಿರಾಶೆಗೊಳಿಸಬಾರದೆಂದು ಅವರು ಪ್ರಯತ್ನಿಸುತ್ತಾರೆ. ನಾಲಗೆ ಏಳುವುದಿಲ್ಲ. ದಿನ ಕಳೆದಂತೆ ಊಟವೂ ಸೇರದಾಯಿತು. ಒಂದು ಗುಟುಕು ನೀರು ನುಂಗುವುದೂ ಕಷ್ಟವಾಯಿತು. ಪರೀಕ್ಷಿಸಿದ ವೈದ್ಯರು, ಇದು ದೇಹದ ಕಾಯಿಲೆಯಲ್ಲ, ಮನಸ್ಸಿನದು, ನಮ್ಮಲ್ಲಿ ಇದಕ್ಕೆ ಮದ್ದಿಲ್ಲ ಎಂದು ಕೈಚೆಲ್ಲಿದರು.

ಆ ಅಧ್ಯಾಪಕರು ಇಮಾಮ್ ಅಬೂ ಹಾಮಿದ್ ಅಲ್ ಗಝಾಲಿ. ಈ ಪ್ರಸಂಗವನ್ನು ಬೇರೆ ಯಾರೋ ಕಟ್ಟಿ ಹೇಳಿದ್ದಲ್ಲ. ‘ಅಲ್ ಮುನ್ಕಿಝ್ ಮಿನದ್ದಲಾಲ್’ ಎಂಬ ತಮ್ಮ ಆತ್ಮಕಥನದಲ್ಲಿ ಅವರೇ ಇದನ್ನು ಬರೆದಿದ್ದಾರೆ. ಕಲಿಸುವುದರಲ್ಲಿ ಸುಖವೇ ಉಳಿದಿಲ್ಲ ಎಂಬ ಮಾತು ಇಂದು ನಮ್ಮ ಕಾಲೇಜುಗಳ ಸ್ಟಾಫ್ ರೂಮುಗಳಲ್ಲಿ ಆಗಾಗ ಕೇಳಿಬರುತ್ತದೆ. ಒಂಬತ್ತು ಶತಮಾನಗಳ ಹಿಂದೆ ತನ್ನ ಕಾಲದ ಅತ್ಯುನ್ನತ ವಿದ್ಯಾಸಂಸ್ಥೆಯ ಅತ್ಯುನ್ನತ ಪೀಠದಲ್ಲಿ ಕುಳಿತ ಒಬ್ಬರಿಗೆ ಆ ಸುಖ ಹೇಗೆ ಕಳೆದುಹೋಯಿತು, ಮತ್ತೆ ಹೇಗೆ ಸಿಕ್ಕಿತು ಎಂಬುದನ್ನು ತಿಳಿಯುವುದು ಆದ್ದರಿಂದಲೇ ಪ್ರಸ್ತುತ.

ನಿಝಾಮಿಯಾವನ್ನು ಕಟ್ಟಿಸಿದವರು ಸೆಲ್ಜೂಕ್ ಸಾಮ್ರಾಜ್ಯದ ಪ್ರಧಾನಿ ನಿಝಾಮುಲ್ ಮುಲ್ಕ್. 1065ರಲ್ಲಿ ಆರಂಭವಾದ ಕಟ್ಟಡದ ಕೆಲಸ ಮುಗಿದು 1067ರಲ್ಲಿ ಮದ್ರಸ ತೆರೆಯಿತು. ಅದಕ್ಕೂ ಮುಂಚೆ ಉನ್ನತ ವಿದ್ಯೆ ಹೆಚ್ಚಾಗಿ ಮಸೀದಿಗಳಲ್ಲಿ, ಗುರುವಿನ ಸುತ್ತ ಶಿಷ್ಯರು ವೃತ್ತಾಕಾರದಲ್ಲಿ ಕೂರುವ ‘ಹಲ್ಕಾ’ಗಳಲ್ಲಿ ನಡೆಯುತ್ತಿತ್ತು. ಖುರಾಸಾನಿನಲ್ಲಿ ಮದ್ರಸಗಳು ಮೊದಲೇ ಇದ್ದವಾದರೂ ಅವುಗಳಿಗೆ ರಾಜ್ಯದ ಬೆಂಬಲ ನೀಡಿ, ನಗರದಿಂದ ನಗರಕ್ಕೆ ವ್ಯವಸ್ಥಿತವಾಗಿ ವಿಸ್ತರಿಸಿದ್ದು ನಿಝಾಮುಲ್ ಮುಲ್ಕ್. ವಕ್ಫ್ ಆದಾಯದಿಂದ ಅಧ್ಯಾಪಕರಿಗೆ ಸಂಬಳ, ವಿದ್ಯಾರ್ಥಿಗಳಿಗೆ ಊಟ, ವಸತಿ, ವೇತನ ಎಲ್ಲವೂ ದೊರೆಯುತ್ತಿತ್ತು. ಬಡವರ ಮಕ್ಕಳಿಗೆ ಇದು ದೊಡ್ಡ ವರದಾನ. ಅದೇ ವೇಳೆ ಅಧ್ಯಾಪಕರನ್ನು ನೇಮಿಸುವ ಮತ್ತು ತೆಗೆಯುವ ಅಧಿಕಾರ ಪ್ರಧಾನಿಯ ಕೈಗೆ ಹೋಯಿತು. ವಿದ್ಯೆಗೆ ನೆರಳು ಸಿಕ್ಕಿತು, ಜೊತೆಗೆ ಒಬ್ಬ ಯಜಮಾನನೂ ಸಿಕ್ಕಿದ.

ಈ ಇಕ್ಕಟ್ಟು ಮೊದಲ ದಿನವೇ ಕಾಣಿಸಿಕೊಂಡಿತು. ಪ್ರಧಾನ ಅಧ್ಯಾಪಕರಾಗಿ ನೇಮಕಗೊಂಡಿದ್ದ ಅಬೂ ಇಸ್ಹಾಕ್ ಶೀರಾಝಿ ಉದ್ಘಾಟನೆಯ ದಿನ ಬರಲೇ ಇಲ್ಲ. ಜನ ಕಾದು ಬೇಸತ್ತರು. ದಾರಿಯಲ್ಲಿ ಹುಡುಗನೊಬ್ಬ ಅವರನ್ನು ತಡೆದು, ಕಿತ್ತುಕೊಂಡ ಜಾಗದಲ್ಲಿ ನೀವು ಹೇಗೆ ಪಾಠ ಮಾಡುತ್ತೀರಿ ಎಂದು ಕೇಳಿದನೆಂದೂ ಅದನ್ನು ಕೇಳಿ ಅವರು ಹಿಂತಿರುಗಿದರೆಂದೂ ಚರಿತ್ರಕಾರರು ಹೇಳುತ್ತಾರೆ. ಬದಲಿಗೆ ಇಬ್ನುಸ್ಸಬ್ಬಾಗ್ ಇಪ್ಪತ್ತು ದಿನ ಪಾಠ ಮಾಡಿದರು. ಆ ಬಳಿಕ ಒತ್ತಾಯಕ್ಕೆ ಮಣಿದು ಶೀರಾಝಿ ಪೀಠವನ್ನು ಒಪ್ಪಿಕೊಂಡರು.

ಗಝಾಲಿ ಹುಟ್ಟಿದ್ದು 1058ರಲ್ಲಿ, ಇರಾನಿನ ತೂಸ್‌ನಲ್ಲಿ. ತಂದೆ ಉಣ್ಣೆ ನೂಲುವ ಬಡವ. ತಾನು ಕಲಿಯದ ವಿದ್ಯೆಯನ್ನು ಮಕ್ಕಳಾದರೂ ಕಲಿಯಲೆಂದು ಸಾಯುವ ಮುನ್ನ ಇಬ್ಬರು ಗಂಡುಮಕ್ಕಳನ್ನೂ ತನ್ನಲ್ಲಿದ್ದ ಅಲ್ಪ ಹಣವನ್ನೂ ಸೂಫಿ ಗೆಳೆಯನೊಬ್ಬನಿಗೆ ಒಪ್ಪಿಸಿದ. ಹಣ ಮುಗಿಯಿತು. ಆ ಗೆಳೆಯನೂ ಬಡವನೇ. ಮದ್ರಸಕ್ಕೆ ಸೇರಿಕೊಳ್ಳಿ, ಅಲ್ಲಿ ಊಟವಾದರೂ ಸಿಗುತ್ತದೆ ಎಂದು ಆತ ಮಕ್ಕಳಿಗೆ ಸಲಹೆ ನೀಡಿದ. ಹಾಗೆ ಅನ್ನಕ್ಕಾಗಿ ಮದ್ರಸದ ಬಾಗಿಲು ತಟ್ಟಿದ ಹುಡುಗ ಮುಂದೆ ಜಗತ್ತಿನ ಮಹಾನ್ ಚಿಂತಕರಲ್ಲಿ ಒಬ್ಬನಾದ. ಹೊಟ್ಟೆಪಾಡಿಗಾಗಿ ಕಲಿಕೆಗೆ ಬರುವವರನ್ನು ಹಗುರವಾಗಿ ಕಾಣುವವರು ಇದನ್ನು ನೆನಪಿಡಬೇಕು.

ಅವರ ವಿದ್ಯಾರ್ಥಿ ಜೀವನದ ಇನ್ನೊಂದು ಘಟನೆ ಪ್ರಸಿದ್ಧವಾಗಿದೆ. ಜುರ್ಜಾನಿನಲ್ಲಿ ಓದು ಮುಗಿಸಿ ಊರಿಗೆ ಮರಳುವಾಗ ದರೋಡೆಕೋರರು ಅವರ ಸಾಮಾನುಗಳನ್ನೆಲ್ಲ ದೋಚಿದರು. ಗಝಾಲಿ ಅವರ ಬೆನ್ನು ಹತ್ತಿ, ನಾನು ಬರೆದುಕೊಂಡ ಪಾಠದ ಟಿಪ್ಪಣಿಗಳನ್ನಾದರೂ ಕೊಡಿ, ನಿಮಗೆ ಅದರಿಂದ ಉಪಯೋಗವಿಲ್ಲ ಎಂದು ಅಂಗಲಾಚಿದರು. ದರೋಡೆಕೋರರ ನಾಯಕ ನಕ್ಕ. ಚೀಲ ಹೋದೊಡನೆ ನಿನ್ನ ವಿದ್ಯೆಯೂ ಹೋಯಿತೆಂದಾದರೆ ನೀನು ಕಲಿತದ್ದಾದರೂ ಏನು ಎಂದು ಕೇಳಿ, ಟಿಪ್ಪಣಿಗಳನ್ನು ಹಿಂದಿರುಗಿಸಿದ. ಊರಿಗೆ ಬಂದ ಗಝಾಲಿ ಮೂರು ವರ್ಷ ಕುಳಿತು ಅವೆಲ್ಲವನ್ನೂ ತಮ್ಮೊಳಗೆ ಇಳಿಸಿಕೊಂಡರು. ಹೀಗೆ ಒಬ್ಬ ಕಳ್ಳನೂ ಅವರಿಗೆ ಗುರುವಾದ.

ನಂತರ ನೈಶಾಪುರದಲ್ಲಿ ಅವರಿಗೆ ಇಮಾಮ್ ಜುವೈನಿಯವರ ಶಿಷ್ಯತ್ವ ದೊರೆಯಿತು. 1085ರಲ್ಲಿ ಜುವೈನಿ ತೀರಿಕೊಂಡಾಗ ಅವರ ಸುಮಾರು ನಾನೂರು ವಿದ್ಯಾರ್ಥಿಗಳು ತಮ್ಮ ಶಾಯಿ ಕುಡಿಕೆಗಳನ್ನೂ ಲೇಖನಿಗಳನ್ನೂ ಮುರಿದು ಒಂದು ವರ್ಷ ಶೋಕದಲ್ಲಿದ್ದರಂತೆ. ಗುರು ಶಿಷ್ಯರ ನಡುವೆ ಎಂತಹ ಬಾಂಧವ್ಯ ಸಾಧ್ಯ ಎಂಬುದನ್ನು ಗಝಾಲಿ ಕಣ್ಣಾರೆ ಕಂಡಿದ್ದರು.

1091ರಲ್ಲಿ ನಿಝಾಮುಲ್ ಮುಲ್ಕ್ ಅವರನ್ನು ಬಗ್ದಾದಿನ ಪೀಠಕ್ಕೆ ನೇಮಿಸಿದಾಗ ಗಝಾಲಿಗೆ ಇನ್ನೂ 33ರ ಆಸುಪಾಸು. ಮುನ್ನೂರು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದೆ ಎಂದು ಅವರೇ ಬರೆದಿದ್ದಾರೆ. ಖಲೀಫರ ಆಸ್ಥಾನದಲ್ಲಿ ಗೌರವ, ಕೈತುಂಬ ಸಂಪತ್ತು, ವಾದದಲ್ಲಿ ಎದುರಿಲ್ಲದ ಖ್ಯಾತಿ. ಹೊರಗಿನಿಂದ ನೋಡಿದರೆ ಯಾವ ಕೊರತೆಯೂ ಇರಲಿಲ್ಲ. ಆದರೆ ಅವರು ತಮ್ಮನ್ನು ತಾವೇ ತನಿಖೆಗೆ ಒಳಪಡಿಸಿದಾಗ ಕಂಡದ್ದು ಬೇರೆ. ತಮ್ಮ ಕೆಲಸಗಳಲ್ಲೆಲ್ಲ ಅತ್ಯುತ್ತಮವಾದುದು ಅಧ್ಯಾಪನ, ಆದರೆ ಅದರ ಹಿಂದಿದ್ದ ಪ್ರೇರಣೆ ಸ್ಥಾನಮಾನ ಮತ್ತು ಕೀರ್ತಿ ಎಂಬುದು ಅವರಿಗೆ ಸ್ಪಷ್ಟವಾಯಿತು. ಬಿಡಬೇಕೆಂದು ಒಂದು ದಿನ ನಿರ್ಧರಿಸುವುದು, ಮರುದಿನ ಹಿಂಜರಿಯುವುದು. ಹೀಗೆ ಸುಮಾರು ಆರು ತಿಂಗಳು ತುಯ್ದಾಡಿದರು. ಕೊನೆಗೆ ನಾಲಗೆಯೇ ತೀರ್ಮಾನ ಮಾಡಿತು.

ಮಕ್ಕಾ ಯಾತ್ರೆಯ ಹೆಸರು ಹೇಳಿ, ಕುಟುಂಬಕ್ಕೆ ಅಗತ್ಯವಿದ್ದಷ್ಟನ್ನು ಉಳಿಸಿ ಸಂಪತ್ತನ್ನೆಲ್ಲ ಹಂಚಿ, 1095ರ ನವೆಂಬರ್‌ನಲ್ಲಿ ಅವರು ಬಗ್ದಾದ್ ಬಿಟ್ಟು ದಮಸ್ಕಸ್ ಸೇರಿದರು. ನಿಝಾಮುಲ್ ಮುಲ್ಕ್ 1092ರಲ್ಲಿ ಕೊಲೆಯಾಗಿದ್ದರಿಂದ ಹಂತಕರ ಭಯವೇ ಗಝಾಲಿಯನ್ನು ಓಡಿಸಿತು ಎನ್ನುವ ಇತಿಹಾಸಕಾರರೂ ಇದ್ದಾರೆ. ರಾಜಕೀಯದ ಒತ್ತಡ ಇರಲೇ ಇಲ್ಲ ಎನ್ನಲಾಗದು. ಆದರೆ ಬರೀ ಪ್ರಾಣಭಯದಿಂದ ಓಡಿದವರು ಮುಂದಿನ ಹತ್ತು ವರ್ಷಗಳನ್ನು ಗಝಾಲಿ ಕಳೆದಂತೆ ಕಳೆಯುವುದಿಲ್ಲ. ದಮಸ್ಕಸ್, ಜೆರುಸಲೇಮ್, ಮಕ್ಕಾ, ಮದೀನಾಗಳಲ್ಲಿ ಸುತ್ತಿ, ಏಕಾಂತದಲ್ಲಿ ಕುಳಿತು ಅವರು ‘ಇಹ್ಯಾ ಉಲೂಮಿದ್ದೀನ್’ ಎಂಬ ಮಹಾಕೃತಿಯನ್ನು ಬರೆದರು. ನಲವತ್ತು ಭಾಗಗಳ ಆ ಗ್ರಂಥದ ಮೊದಲ ಭಾಗವೇ ವಿದ್ಯೆಯ ಕುರಿತಾದುದು ಎಂಬುದು ಗಮನಾರ್ಹ.

ಅದರಲ್ಲಿ ಅವರು ವಿದ್ಯಾರ್ಥಿಗೆ ಹತ್ತು, ಅಧ್ಯಾಪಕನಿಗೆ ಎಂಟು ಕರ್ತವ್ಯಗಳನ್ನು ವಿವರಿಸುತ್ತಾರೆ. ಶಿಷ್ಯರನ್ನು ಸ್ವಂತ ಮಕ್ಕಳಂತೆ ಕಾಣಬೇಕು. ಅವರ ಗ್ರಹಿಕೆಗೆ ತಕ್ಕಷ್ಟನ್ನೇ ಕಲಿಸಬೇಕು. ತಪ್ಪನ್ನು ಮುಖಕ್ಕೆ ಹೊಡೆದಂತೆ ಹೇಳದೆ ಸೂಚ್ಯವಾಗಿ ತಿದ್ದಬೇಕು. ತನ್ನ ವಿಷಯವನ್ನು ಹೊಗಳಲು ಇತರರು ಕಲಿಸುವ ವಿಷಯಗಳನ್ನು ತೆಗಳಬಾರದು. ಹೇಳಿದ್ದನ್ನು ತಾನು ಮೊದಲು ಆಚರಿಸಬೇಕು. ವಾದದಲ್ಲಿ ಗೆಲ್ಲುವ ಚಟ ಅಸೂಯೆ, ಅಹಂಕಾರಗಳನ್ನು ಹೇಗೆ ಬೆಳೆಸುತ್ತದೆ ಎಂಬುದನ್ನೂ ಅವರು ಬಿಡಿಸಿ ಹೇಳುತ್ತಾರೆ. ಇದು ಪರರಿಗೆ ಮಾಡಿದ ಉಪದೇಶವಲ್ಲ, ತಮ್ಮದೇ ಹಳೆಯ ಬದುಕಿನ ವಿಮರ್ಶೆ.

ಕಥೆ ಇಲ್ಲಿಗೆ ಮುಗಿದಿದ್ದರೆ, ಸಂಸ್ಥೆಗಳನ್ನು ಬಿಟ್ಟು ಓಡುವುದೇ ಪರಿಹಾರ ಎಂದಾಗುತ್ತಿತ್ತು. ಆದರೆ 1106ರಲ್ಲಿ ನಿಝಾಮುಲ್ ಮುಲ್ಕರ ಮಗ ಫಖ್ರುಲ್ ಮುಲ್ಕ್ ಒತ್ತಾಯಿಸಿದಾಗ ಗಝಾಲಿ ಮತ್ತೆ ಪಾಠ ಹೇಳಲು ಒಪ್ಪಿದರು. ಅದೂ ನೈಶಾಪುರದ ನಿಝಾಮಿಯಾದಲ್ಲಿ, ತಾವು ಹಿಂದೆ ಜುವೈನಿಯವರ ಎದುರು ಕುಳಿತು ಕಲಿತ ಊರಿನಲ್ಲಿ. ನಾನು ಅಧ್ಯಾಪನಕ್ಕೆ ಮರಳಿದಂತೆ ಕಾಣುತ್ತಿದ್ದರೂ ನಿಜವಾಗಿ ಹಳೆಯ ಜಾಗಕ್ಕೆ ಮರಳಿಲ್ಲ, ಅಂದು ಪದವಿ ಗಳಿಸುವ ವಿದ್ಯೆಯನ್ನು ಹಂಚುತ್ತಿದ್ದೆ, ಇಂದು ಅದನ್ನು ತೊರೆಯುವ ವಿದ್ಯೆಯತ್ತ ಕರೆಯುತ್ತಿದ್ದೇನೆ ಎಂಬುದು ಅವರ ವಿವರಣೆಯ ಸಾರ. ಸಂಸ್ಥೆ ಅದೇ, ಗುರು ಬೇರೆ. ಕೊನೆಗೆ ಅವರು ತೂಸ್‌ಗೆ ಮರಳಿ, ಮನೆಯ ಪಕ್ಕದಲ್ಲೇ ಮದ್ರಸ ಮತ್ತು ಸೂಫಿಗಳಿಗೊಂದು ತಂಗುದಾಣ ಕಟ್ಟಿ ಕಲಿಸುತ್ತಾ ಉಳಿದರು. ಬಗ್ದಾದಿನ ಪೀಠಕ್ಕೆ ಪುನಃ ಕರೆ ಬಂದಾಗ ನಿರಾಕರಿಸಿದರು. 1111ರ ಡಿಸೆಂಬರ್‌ನಲ್ಲಿ ಅಲ್ಲಿಯೇ ನಿಧನರಾದರು.

ಅವರು ಕಲಿತು ಕಲಿಸಿದ ಮದ್ರಸ ಪರಂಪರೆ ಖುರಾಸಾನಿನಿಂದ ನಮ್ಮ ನಾಡಿಗೂ ಬಂತು. ಗಝಾಲಿ ತೀರಿಕೊಂಡ 361 ವರ್ಷಗಳ ಬಳಿಕ, 1472ರಲ್ಲಿ, ಬಹಮನಿ ರಾಜ್ಯದ ಪ್ರಧಾನಿ ಮಹಮೂದ್ ಗವಾನ್ ಬೀದರ್‌ನಲ್ಲಿ ಮೂರಂತಸ್ತಿನ ಮದ್ರಸ ಕಟ್ಟಿಸಿದರು. ಅಂಗಳದ ಸುತ್ತ ಪಾಠದ ಹಜಾರಗಳು, ಮಸೀದಿ, ಗುರುಗಳಿಗೂ ವಿದ್ಯಾರ್ಥಿಗಳಿಗೂ ಕೋಣೆಗಳು, ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳಲಾಗುವ ಗ್ರಂಥಾಲಯ. 1481ರಲ್ಲಿ ಸುಳ್ಳು ಪತ್ರವೊಂದರ ಆಧಾರದಲ್ಲಿ ಸುಲ್ತಾನ ಅದೇ ಗವಾನರಿಗೆ ಮರಣದಂಡನೆ ವಿಧಿಸಿದ. 17ನೇ ಶತಮಾನದ ಕೊನೆಯಲ್ಲಿ ಸಿಡಿಮದ್ದು ಸ್ಫೋಟಗೊಂಡು ಕಟ್ಟಡದ ಮುಂಭಾಗ ಕುಸಿಯಿತು. ಇಂದು ಉಳಿದಿರುವುದು ಒಂದು ಮಿನಾರು, ಅಳಿದುಳಿದ ಬಣ್ಣದ ಹೆಂಚುಗಳು, ಖಾಲಿ ಕೋಣೆಗಳು. ನಿಝಾಮಿಯಾದ ಕಟ್ಟಡವಂತೂ ಉಳಿದೇ ಇಲ್ಲ.

ಇಂದಿನ ಅಧ್ಯಾಪಕರ ಕಷ್ಟಗಳು ನಿಜ. ಹಾಜರಾತಿ, ಆಂತರಿಕ ಅಂಕ, ನ್ಯಾಕ್ ಕಡತಗಳ ನಡುವೆ ಪಾಠಕ್ಕೆ ಉಳಿಯುವ ಸಮಯವೇ ಕಡಿಮೆ. ಕಡಿಮೆ ಗೌರವಧನದಲ್ಲಿ ದುಡಿಯುವ ಅತಿಥಿ ಉಪನ್ಯಾಸಕರಿಗೆ, ಕೀರ್ತಿ ಬಿಟ್ಟು ಕಲಿಸಿ ಎಂದು ಬೋಧಿಸುವುದು ಕ್ರೌರ್ಯವಾದೀತು. ಅನ್ನಕ್ಕಾಗಿ ಮದ್ರಸ ಸೇರಿದ ಗಝಾಲಿ ಅಂತಹ ಬೋಧನೆಯನ್ನು ಒಪ್ಪುತ್ತಿರಲಿಲ್ಲ. ಅವರ ಬದುಕು ಹೇಳುವುದು ಬೇರೆ. ಅನ್ನ ಬೇಕು, ಕಟ್ಟಡವೂ ಬೇಕು. ಆದರೆ ಕಲಿಸುವ ಸುಖ ಅವೆರಡರಿಂದ ಬರುವುದಿಲ್ಲ. ಯಾರಿಗಾಗಿ, ಯಾತಕ್ಕಾಗಿ ಕಲಿಸುತ್ತಿದ್ದೇನೆ ಎಂಬ ಪ್ರಶ್ನೆಯನ್ನು ಎದುರಿಸಲು ಅವರಿಗೆ ಮೌನದ ಹನ್ನೊಂದು ವರ್ಷಗಳು ಬೇಕಾದವು. ನಾವು ಧ್ವನಿ ಕಳೆದುಕೊಳ್ಳುವವರೆಗೆ ಕಾಯಬೇಕಾಗಿಲ್ಲ.