ಹಾಳು ಹಂಪಿಯ ಹಾಳಾಗದ ಕಾಲುವೆ

ಹಂಪಿಗೆ ಹೋದ್ರೆ ಆಟೋ ಬಿಡಿ, ವಿರೂಪಾಕ್ಷ ಗುಡಿಯಿಂದ ವಿಜಯವಿಠ್ಠಲ ಗುಡಿಗೆ ತುಂಗಭದ್ರೆಯ ದಂಡೆ ಹಿಡಿದು ನಡೀರಿ. ಎರಡು ಕಿಲೋಮೀಟರ್ ಚಿಲ್ಲರೆ, ಏರು ಕಮ್ಮಿ. ಪುರಂದರ ಮಂಟಪದ ಹತ್ತಿರ ಹಳೇ ಸೇತುವೆಯ ಕಲ್ಲುಕಂಬಗಳು ಹೊಳೆಯಲ್ಲಿ ಸಾಲಾಗಿ ನಿಂತಿವೆ. ಮೇಲಿನ ದಾರಿ ಮಾತ್ರ ಇಲ್ಲ.

ವಾಪಸ್ ಬಂದು ಹೇಮಕೂಟ ಹತ್ತಿಳಿದರೆ ಕೃಷ್ಣ ಗುಡಿ. ಅದರಾಚೆ ಬಾಳೆತೋಟ, ತೋಟಕ್ಕೆ ನೀರುಣಿಸೋ ತುರ್ತಾ ಕಾಲುವೆ. ನನ್ನ ಮಟ್ಟಿಗೆ ಹಂಪಿಯಲ್ಲಿ ನೋಡಲೇಬೇಕಾದ್ದು ಇದು. ವಿಜಯನಗರದ ಕಾಲದ್ದು. 1565ರ ಯುದ್ಧದ ನಂತರ ರಾಜಧಾನಿ ಹಾಳಾಯ್ತು, ಅರಮನೆಗಳಿದ್ದಲ್ಲಿ ಈಗ ಬರೀ ಪಾಯ. ಕಾಲುವೆ ಇವತ್ತಿಗೂ ಹರೀತಿದೆ.

ಹೂಳು ತೆಗೀದಿದ್ರೆ ಯಾವ ಕಾಲುವೆಯೂ ಉಳಿಯಲ್ಲ. ಅಂದ್ರೆ ಅರಸರು ಹೋದ ಮೇಲೂ ಯಾರೋ ಸಲಿಕೆ ಹಿಡಿದು ಇಳಿದಿದ್ದಾರೆ, ತಲೆಮಾರುಗಟ್ಟಲೆ. (ನಮ್ಮ ಆಫೀಸಲ್ಲಿ ಐದು ವರ್ಷ ಹಳೇ ಕೋಡ್ ಮುಟ್ಟೋಕೇ ಜನ ಇಲ್ಲ!) ಅವರ ಹೆಸರಿನ ಶಾಸನ ಹುಡುಕಬೇಡಿ. ವಿಠ್ಠಲ ಗುಡಿಗೆ ಟಿಕೆಟ್ ಇದೆ, ಕಾಲುವೆ ದಂಡೆಗೆ ಇಲ್ಲ. ಕೂತು ಕಾಲು ಇಳಿಬಿಡಿ.